ಹಿಂದಿನ ಮುಚ್ಚಳ ತೆಗೆಯುವವರು ಯಾರು?

ಬೆಂಗಳೂರಿನಿಂದ ಬಂದ ಅಕ್ಕನ ಮಗ ಊಟಕ್ಕೆ ಕೂತಾಗಲೇ ಶುರು ಮಾಡಿದ. "ಮಾಮ, ನಾಲ್ಕು ಲಕ್ಷ ಕೂಡಿಟ್ಟಿದೀನಿ. ಒಂದು ಒಳ್ಳೆ ಸ್ವಿಸ್ ವಾಚು ತಗೋಬೇಕು. ಟ್ಯೂಡರ್ ತಗೊಳ್ಳಲೋ, ಇನ್ನೊಂದಿಷ್ಟು ಸೇರಿಸಿ ಒಮೇಗಾಕ್ಕೆ ಹೋಗಲೋ, ಇಲ್ಲಾ ರೋಲೆಕ್ಸ್‌ಗೆ ಹೆಸರು ಬರೆಸಿ ಕಾಯಲೋ?"

ಅಕ್ಕ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. "ನಾಲ್ಕು ಲಕ್ಷಕ್ಕೆ ತೋಟದಾಗೆ ಬೋರು ಕೊರೆಸಿ ಮೋಟ್ರು ಇಳಿಸಿದ್ರೂ ದುಡ್ಡು ಉಳಿತೈತಲ್ಲೋ!"

ನಾನು ಹುಡುಗನ ಪರ. ವಾಚಿನ ಹುಚ್ಚು ನನಗೂ ಇದೆ, ಇಪ್ಪತ್ತು ವರ್ಷದಿಂದ. ಆದರೂ ಯಾವುದು ತಗೋ ಅಂತ ಹೇಳಲಿಲ್ಲ. ಕೈ ತೊಳೆದ ಮೇಲೆ ಅವನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ನಮ್ಮ ದಾವಣಗೆರೆಯ ಚೌಕಿಪೇಟೆ ಕಡೆ ಹೊರಟೆ. ಅಲ್ಲಿ ನಾನು ಚಾಚಾ ಅಂತ ಕರೆಯುವ ಒಬ್ಬ ವಾಚ್ ರಿಪೇರಿಯವರಿದ್ದಾರೆ.

ಅಂಗಡಿ ಅನ್ನಬೇಕೋ ಬೇಡವೋ: ಎರಡು ಮಳಿಗೆಗಳ ಸಂದಿಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲ್ಯಾಂಪು. ಅವತ್ತು ಅವರ ಮುಂದೆ ಯಾರದೋ ಎಚ್‌ಎಂಟಿ ಜನತಾ ಇತ್ತು. ಹಿಂದಿನ ಮುಚ್ಚಳ ತೆಗೆದರು, ಬಲಗಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡರು, ರಬ್ಬರ್ ಬುರುಡೆ ಒತ್ತಿ ಗಾಳಿ ಬಿಟ್ಟರು. ನಿಂತಿದ್ದ ಸಣ್ಣ ಚಕ್ರ ನಡುಗಿತು, ಅತ್ತಿಂದಿತ್ತ ನಾಲ್ಕು ಸಲ ತೂಗಿತು, ಮತ್ತೆ ನಿಂತಿತು. "ಎಣ್ಣೆ ಒಣಗೈತಿ. ಮಿಷಿನ್ ಚೆನ್ನಾಗೈತಿ" ಅಂದರು. ಹುಡುಗ ಬಗ್ಗಿ ನೋಡುತ್ತಲೇ ಇದ್ದ. ಫೋನಿನಲ್ಲಿ ನೂರು ವಿಡಿಯೊ ನೋಡಿದವನು ವಾಚಿನ ಹೊಟ್ಟೆ ಕಣ್ಣಾರೆ ಕಂಡಿದ್ದು ಅದೇ ಮೊದಲು.

ಅಲ್ಲಿ ತೂಗುತ್ತಿತ್ತಲ್ಲ, ಅದು ಬ್ಯಾಲೆನ್ಸ್ ವೀಲ್. ವಾಚಿನೊಳಗೆ ನಡೆಯುವುದನ್ನು ತಿಳಿಯಲು ನಮ್ಮ ಸೂಳೆಕೆರೆಯನ್ನು ನೆನೆದರೆ ಸಾಕು. ಕೀ ಕೊಟ್ಟಾಗ ಒಳಗೆ ಸುತ್ತಿಕೊಳ್ಳುವ ಮೈನ್‌ಸ್ಪ್ರಿಂಗ್ ಒಂದು ತುಂಬಿದ ಕೆರೆ. ಹಾಗೇ ಬಿಟ್ಟರೆ ಕ್ಷಣದಲ್ಲಿ ಬಿಚ್ಚಿಕೊಂಡು ಖಾಲಿಯಾಗುತ್ತದೆ. ಅದಕ್ಕೊಂದು ತೂಬು ಬೇಕು. ಆ ತೂಬಿನ ಹೆಸರು ಎಸ್ಕೇಪ್‌ಮೆಂಟ್: ಹಲ್ಲಿನ ಒಂದು ಚಕ್ರ, ಅದನ್ನು ತಡೆದು ಹಿಡಿಯುವ ಕವೆಯಾಕಾರದ ಒಂದು ಚೂರು. ಬ್ಯಾಲೆನ್ಸ್ ತೂಗಿದಂತೆಲ್ಲ ಈ ಕವೆ ಚಕ್ರವನ್ನು ಇಷ್ಟೇ ಇಷ್ಟು ಬಿಟ್ಟು ಮತ್ತೆ ತಡೆಯುತ್ತದೆ. ಟಿಕ್ ಟಿಕ್ ಅಂತ ನಾವು ಕೇಳುವುದು ಹಲ್ಲು ಬಂದು ಕವೆಗೆ ಬಡಿಯುವ ಸದ್ದು. ಬ್ಯಾಲೆನ್ಸ್ ಒಂದೇ ಲಯದಲ್ಲಿ ತೂಗುವಂತೆ ನೋಡಿಕೊಳ್ಳುವುದು ಕೂದಲಿಗಿಂತ ತೆಳುವಾದ ಸುರುಳಿ, ಹೇರ್‌ಸ್ಪ್ರಿಂಗ್. ಜನತಾ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ಇವತ್ತಿನ ಬಹುಪಾಲು ಸ್ವಿಸ್ ಆಟೋಮ್ಯಾಟಿಕ್‌ಗಳು ಗಂಟೆಗೆ 28,800 ಬಡಿತದವು. ಸೆಕೆಂಡಿನ ಮುಳ್ಳು ಜಾರಿದ ಹಾಗೆ ಕಾಣುವುದು ಅದಕ್ಕೇ. ಆಟೋಮ್ಯಾಟಿಕ್ ಅಂದರೆ ಬೇರೆ ಜಾತಿಯಲ್ಲ. ಕೈ ಆಡಿದಂತೆ ಒಳಗಿನ ಒಂದು ಅರ್ಧಚಂದ್ರದ ತೂಕ ತಿರುಗಿ ತಾನೇ ಕೀ ಕೊಟ್ಟುಕೊಳ್ಳುತ್ತದೆ, ಅಷ್ಟೇ.

ಇನ್ನು ಡಯಲ್ ಮೇಲೆ ಬರೆದಿರುವ "17 ಜ್ಯುಯೆಲ್ಸ್". ಇದನ್ನು ನಂಬಿ ಹಳೇ ವಾಚಿನೊಳಗೆ ವಜ್ರವಿದೆ ಅಂದುಕೊಂಡವರು ನಮ್ಮ ಸುತ್ತ ಬೇಕಾದಷ್ಟು ಜನ. ಅವು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯದ ಚೂರುಗಳು. ಚಕ್ರದ ಅಚ್ಚು ಸವೆಯದಿರಲಿ ಅಂತ ಬೇರಿಂಗ್ ಜಾಗದಲ್ಲಿ ಕೂರಿಸಿರುತ್ತಾರೆ. ಮಾರಿದರೆ ಒಂದು ಚಹಾಕ್ಕೂ ಆಗುವುದಿಲ್ಲ.

ಲಕ್ಷಗಟ್ಟಲೆ ಬೆಲೆಯ ರೋಲೆಕ್ಸ್ ಹೊಟ್ಟೆಯಲ್ಲೂ ಇದೇ ಕೆರೆ, ಇದೇ ತೂಬು. ಲೋಹ ಬೇರೆ, ಕೆತ್ತನೆಯ ನಾಜೂಕು ಬೇರೆ, ಭಾಗಗಳು ಒಂದಕ್ಕೊಂದು ಕೂರುವ ಬಿಗಿ ಬೇರೆ. ಸಿದ್ಧಾಂತ ಬೇರೆಯಲ್ಲ. ಹಾಗಿದ್ದರೆ ದುಡ್ಡು ಯಾತಕ್ಕೆ? ಸರಿಯಾದ ಸಮಯಕ್ಕಂತೂ ಅಲ್ಲ. ಸ್ವಿಟ್ಜರ್ಲೆಂಡಿನ ಕಾಸ್ಕ್ ಎಂಬ ಪರೀಕ್ಷಾ ಸಂಸ್ಥೆ ಯಂತ್ರವನ್ನು 15 ದಿನ, ಐದು ಭಂಗಿಯಲ್ಲಿ, ಮೂರು ಉಷ್ಣಾಂಶದಲ್ಲಿಟ್ಟು ನೋಡುತ್ತದೆ. ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ, ಇಷ್ಟರೊಳಗಿದ್ದರೆ "ಕ್ರೋನೋಮೀಟರ್" ಎಂಬ ಪಟ್ಟ. ರೋಲೆಕ್ಸ್ ತನ್ನದಕ್ಕೆ ಹಿಂದೆ ಮುಂದೆ 2 ಸೆಕೆಂಡಿನ ಮಿತಿ ಹಾಕಿಕೊಂಡಿದೆ. ದಿನಕ್ಕೆ 86,400 ಸೆಕೆಂಡಿರುವಾಗ ಬರೀ ಸ್ಪ್ರಿಂಗ್ ಮತ್ತು ಚಕ್ರದಿಂದ ಇಷ್ಟು ಸಾಧಿಸುವುದು ನಿಜಕ್ಕೂ ದೊಡ್ಡದು. ಆದರೆ ಸೈಕಲ್ ಅಂಗಡಿ ಪಕ್ಕ ನೇತುಹಾಕಿರುವ ಮುನ್ನೂರು ರೂಪಾಯಿಯ ಸೆಲ್ ವಾಚು ತಿಂಗಳಿಗೆ ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಕ್ರ ಎಲ್ಲಿ ಸಾಟಿ?

ಈ ಕ್ವಾರ್ಟ್ಜ್ ಕೈಗಡಿಯಾರಕ್ಕೆ ಮೊದಲು ಬಂದದ್ದು 1969ರ ಡಿಸೆಂಬರ್ 25ರಂದು, ಜಪಾನಿನ ಸೈಕೋ ಆಸ್ಟ್ರಾನ್ ರೂಪದಲ್ಲಿ. ಆಗ ಅದರ ಬೆಲೆ ಒಂದು ಸಣ್ಣ ಕಾರಿನಷ್ಟಿತ್ತು. ಹತ್ತು ವರ್ಷದೊಳಗೆ ಅಗ್ಗವಾಗಿ, ಸ್ವಿಸ್ ಗಡಿಯಾರ ಉದ್ಯಮದ ಬೆನ್ನು ಮುರಿಯಿತು. 1970ರಲ್ಲಿ ಅಲ್ಲಿ ಸುಮಾರು 90 ಸಾವಿರ ಜನ ಈ ಕೆಲಸದಲ್ಲಿದ್ದರು. ಎಂಬತ್ತರ ದಶಕದ ಮಧ್ಯಕ್ಕೆ ಮೂರರಲ್ಲೊಂದು ಪಾಲು ಉಳಿದರು. ಉಳಿದ ಕಂಪನಿಗಳಿಗೆ ಒಂದು ಮಾತು ಗೊತ್ತಾಯಿತು: ಸಮಯ ಮಾರಿ ಬದುಕಲು ಇನ್ನಾಗದು. ಮಾರಬೇಕಾದದ್ದು ಕೈಕೆಲಸವನ್ನು, ಕತೆಯನ್ನು, ಹೆಸರನ್ನು. ಇವತ್ತು ನಾವು ಐಷಾರಾಮಿ ವಾಚು ಅನ್ನುವುದು ಈ ಸೋಲಿನಿಂದ ಹುಟ್ಟಿದ ಸರಕು.

ನಮ್ಮ ಎಚ್‌ಎಂಟಿಗೆ ಆ ಉಪಾಯ ಹೊಳೆಯಲಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. 1978ಕ್ಕೆ ತುಮಕೂರಿಗೂ ಬಂತು. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಉಂಗುರದ ಜೊತೆ ವಾಚು ಕೇಳುತ್ತಿದ್ದ ಕಾಲದಲ್ಲಿ "ಎಚ್‌ಎಂಟಿ ಕಾಂಚನ್ನೇ ಆಗಬೇಕು" ಅಂತ ಹಟ ಹಿಡಿದ ಬೀಗರಿದ್ದರು, ಅದು ಸಿಗದೆ ಗುರುತಿನವರ ಬಾಗಿಲು ಕಾದ ಹೆಣ್ಣಿನ ಅಪ್ಪಂದಿರೂ ಇದ್ದರು. 1984ರಲ್ಲಿ ಟೈಟನ್ ಹುಟ್ಟಿ ಕ್ವಾರ್ಟ್ಜ್ ಮೇಲೆ ಪೂರ್ತಿ ಭಾರ ಹಾಕಿತು. ಎಚ್‌ಎಂಟಿ ಹಿಂದೆ ಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಾಚು ಘಟಕ ಮುಚ್ಚುವ ತೀರ್ಮಾನ ಮಾಡಿತು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲೇ ಸಿಗುತ್ತದಲ್ಲ ತುಮಕೂರು, ಅಲ್ಲಿನ ಎಚ್‌ಎಂಟಿ ಜಾಗ ಈಗ ಇಸ್ರೋ ಕೈಯಲ್ಲಿದೆ.

ಸ್ವಿಸ್ಸರ ಕತೆಗಳು ಸುಳ್ಳೇನಲ್ಲ, ಆದರೆ ಹೇಳುವ ಜಾಣ್ಮೆ ನೋಡಿ. 1926ರಲ್ಲಿ ರೋಲೆಕ್ಸ್ ನೀರು ಹೋಗದ ಆಯ್ಸ್ಟರ್ ಕವಚ ಮಾಡಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಆ ವಾಚನ್ನು ಕೊರಳಿಗೆ ಹಾಕಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದರು. ಹತ್ತು ಗಂಟೆಗೂ ಹೆಚ್ಚು ಹೊತ್ತು ಚಳಿನೀರಿನಲ್ಲಿದ್ದು, ದಡ ಮುಟ್ಟದೆಯೇ ಮೇಲೆ ಬರಬೇಕಾಯಿತು. ವಾಚು ಮಾತ್ರ ನಡೆಯುತ್ತಿತ್ತು. ಪತ್ರಿಕೆಯಲ್ಲಿ ಜಾಹೀರಾತು ಬಂದದ್ದು ವಾಚಿನ ಗೆಲುವಿನದು. ಜೇಗರ್ ಲಿಕೂಲ್ಟ್ರ್ ಕಂಪನಿಯ ರಿವರ್ಸೊ ಕತೆ ನಮ್ಮ ದೇಶದ್ದೇ. ಇಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ವಾಚಿನ ಗ್ಲಾಸು ಒಡೆಯುತ್ತಿತ್ತು ಅಂತ, ಡಯಲನ್ನೇ ಮಗುಚಿ ಮೈಕಡೆ ಮಾಡುವ ಕವಚ 1931ರಲ್ಲಿ ಬಂತು.

ನನಗೆ ಹೆಚ್ಚು ಇಷ್ಟದ್ದು ಒಮೇಗಾ ಸ್ಪೀಡ್‌ಮಾಸ್ಟರ್. 1957ರ ಮಾದರಿ. 1965ರಲ್ಲಿ ನಾಸಾ ಪರೀಕ್ಷೆಗಳಲ್ಲಿ ಪಾಸಾಯಿತು. 1969ರಲ್ಲಿ ಬಜ್ ಆಲ್ಡ್ರಿನ್ ಕೈಯಲ್ಲಿ ಚಂದ್ರನ ಮೇಲೆ ಇಳಿಯಿತು. ಅದರ ಗ್ಲಾಸು ಗಾಜೇ ಅಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಗಾಜಾದರೆ ಪೆಟ್ಟು ಬಿದ್ದಾಗ ಚೂರುಚೂರಾಗಿ ನೌಕೆಯೊಳಗೆ ತೇಲಾಡುತ್ತದೆ, ಪ್ಲಾಸ್ಟಿಕ್ಕು ಬಿರುಕು ಬಿಟ್ಟರೂ ಚೂರಾಗದು. ಚಾಚಾ ಮುಂದಿದ್ದ ಜನತಾದ ಗ್ಲಾಸೂ ಅಕ್ರಿಲಿಕ್ಕೇ. ಎರಡಕ್ಕೂ ದಿನಾ ಕೀ ಕೊಡಬೇಕು. ಗೀರು ಬಿದ್ದರೆ ಎರಡನ್ನೂ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ಉಜ್ಜಬಹುದು. ಅಕ್ರಿಲಿಕ್ ಇರುವ ಸ್ಪೀಡ್‌ಮಾಸ್ಟರ್ ಇವತ್ತೂ ಮಾರಾಟಕ್ಕಿದೆ. ಇದನ್ನು ಹೇಳಿದಾಗ ಅಕ್ಕನ ಮಗ ನಂಬಲಿಲ್ಲ, ಫೋನ್ ತೆಗೆದು ಹುಡುಕಿ ನೋಡಿದ ಮೇಲೆ ಸುಮ್ಮನಾದ.

ಕಾಯುವ ವಿಷಯಕ್ಕೆ ಬರೋಣ. ರೋಲೆಕ್ಸ್ ಅಂಥ ಅಪರೂಪದ ವಾಚೇನಲ್ಲ. ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು ತಯಾರಾಗುತ್ತವೆ ಎಂಬ ಅಂದಾಜಿದೆ. ಕೇಳುವವರು ಅದಕ್ಕಿಂತ ಹೆಚ್ಚು. ಅಂಗಡಿಯವನು ಯಾರಿಗೆ ಮೊದಲು ಕೊಡುತ್ತಾನೆ ಎಂಬುದು ನಿಮ್ಮ ಹೆಸರು ಬರೆಸಿದ ತಾರೀಖಿಗಿಂತ ಅವನ ಹತ್ತಿರ ನೀವು ಇದುವರೆಗೆ ಎಷ್ಟು ಖರೀದಿಸಿದ್ದೀರಿ ಎಂಬುದರ ಮೇಲೆ ನಿಂತಿರುವುದೇ ಹೆಚ್ಚು. ಬೇಡದ ಎರಡು ಸಾಮಾನು ಕೊಂಡು ಬೇಕಾದ ಒಂದಕ್ಕೆ ಅರ್ಹನಾಗುವ ಈ ವ್ಯಾಪಾರ ನನಗೆ ಸೇರದು. ಕಾಂಚನ್ನಿಗೆ ಕಾದ ಹೆಣ್ಣಿನ ಅಪ್ಪಂದಿರಾದರೂ ಪರವಾಗಿಲ್ಲ, ಬರೀ ಕಾದರು. ಕೊಂಡಿಟ್ಟರೆ ಬೆಲೆ ಏರುತ್ತದೆ, ಹೂಡಿಕೆಯಿದ್ದ ಹಾಗೆ ಅನ್ನುವ ಮಾತೂ ಬರುತ್ತದೆ. 2022ರ ಶುರುವಿನಲ್ಲಿ ಸೆಕೆಂಡ್‌ಹ್ಯಾಂಡ್ ಬೆಲೆಗಳು ಶಿಖರ ಮುಟ್ಟಿ ಅದೇ ವರ್ಷ ಕುಸಿದವು. ಆಗ ತಗೊಂಡವರನ್ನು ಕೇಳಿ.

ಈಗ ಚಾಚಾ ಅಂಗಡಿಗೆ ಹುಡುಗನನ್ನು ಕರೆದೊಯ್ದ ಕಾರಣ. ಸೆಲ್ ವಾಚಿಗೆ ಸೆಲ್ ಬದಲಿಸಿದರೆ ಮುಗಿಯಿತು. ಚಕ್ರದ ವಾಚು ಹಾಗಲ್ಲ. ಒಳಗಿನ ಎಣ್ಣೆ ಒಣಗುತ್ತದೆ, ಅಂಟಾಗುತ್ತದೆ, ಲೋಹ ಲೋಹವನ್ನು ತಿನ್ನುತ್ತದೆ. ಐದಾರು ವರ್ಷಕ್ಕೊಮ್ಮೆ, ಕೆಲವು ಹೊಸ ಯಂತ್ರಗಳಲ್ಲಿ ಹತ್ತು ವರ್ಷಕ್ಕೊಮ್ಮೆ, ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿ ಜೋಡಿಸಬೇಕು. ಜನತಾಕ್ಕೆ ಚಾಚಾ ಈ ಕೆಲಸವನ್ನು ಕೆಲವು ನೂರು ರೂಪಾಯಿಗೆ ಮಾಡುತ್ತಾರೆ. ಪೆಟ್ರೋಲಿನ ಬಟ್ಟಲಲ್ಲಿ ಭಾಗಗಳನ್ನು ಅದ್ದಿ, ಚಿಮಟದಲ್ಲಿ ಒಂದೊಂದೇ ಎತ್ತಿ, ಧೂಳು ಬೀಳದಂತೆ ಗಾಜಿನ ಲೋಟ ಮುಚ್ಚಿ. ದೊಡ್ಡ ಹೆಸರಿನ ವಾಚು ತಂದಿಟ್ಟರೆ ಕೈ ಮುಗಿಯುತ್ತಾರೆ. "ಕೆಲಸ ಬರಲ್ಲ ಅಂತಲ್ಲ. ಒಂದು ಪಾರ್ಟ್ ಹೋದ್ರೆ ನಾನು ಎಲ್ಲಿಂದ ತರ್ಲಿ?" ಅವರ ಮಾತು ಸರಿ. ದೊಡ್ಡ ಸ್ವಿಸ್ ಕಂಪನಿಗಳು ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೆ ಸುಲಭಕ್ಕೆ ಮಾರುವುದಿಲ್ಲ. ಬೆಂಗಳೂರಿಗೋ ಮುಂಬೈಗೋ ಕಳಿಸಬೇಕು, ವಾರಗಟ್ಟಲೆ ಕಾಯಬೇಕು, ಹತ್ತಾರು ಸಾವಿರ ಎಣಿಸಬೇಕು. ಸ್ಟಾಪ್‌ವಾಚ್ ಇರುವ ಕ್ರೋನೋಗ್ರಾಫ್ ಆದರೆ ಖರ್ಚು ಇನ್ನೂ ಮೇಲೆ, ಯಾಕೆಂದರೆ ಒಳಗೆ ಭಾಗಗಳು ಅಷ್ಟು ಹೆಚ್ಚು. ವಾಚಿನ ಬೆಲೆ ಒಮ್ಮೆ ಕೊಡುತ್ತೀರಿ, ಇದನ್ನು ಬದುಕಿರುವವರೆಗೂ.

ಹಾಗಾಗಿ ವಾಚುಪ್ರಿಯರು ಜಪಿಸುವ "ಇನ್‌ಹೌಸ್ ಮೂವ್‌ಮೆಂಟ್" ಎಂಬ ಮಂತ್ರ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಯಂತ್ರವನ್ನು ಕಂಪನಿ ತಾನೇ ತಯಾರಿಸಿದೆ ಅಂತ ಅದರರ್ಥ. ಹೆಮ್ಮೆಯ ವಿಷಯವೇ. ಆದರೆ ನೂರಾರು ಬ್ರ್ಯಾಂಡುಗಳು ಬಳಸುವ ಎಟಾ 2824 ಅಥವಾ ಸೆಲಿಟಾ ಎಸ್‌ಡಬ್ಲ್ಯೂ200 ಯಂತ್ರವಿದ್ದರೆ ಅದನ್ನು ಬಿಚ್ಚಲು ಬಲ್ಲವರು ಹೆಚ್ಚು, ಭಾಗಗಳು ಸಿಗುವುದೂ ಹೆಚ್ಚು. ಜಿನೀವಾದಲ್ಲಿ ಕೂತವನಿಗೆ ಇನ್‌ಹೌಸ್ ಸರಿ. ದಾವಣಗೆರೆಯಲ್ಲಿ ಕೂತವನು ಎರಡು ಸಲ ಯೋಚಿಸಬೇಕು. ಹಾಗಂತ ಟ್ಯೂಡರ್, ಒಮೇಗಾ ಬೇಡ ಅಂತಲ್ಲ. ಐದು ವರ್ಷದ ವಾರಂಟಿ ಇದೆ. ಆರನೇ ವರ್ಷದ ಲೆಕ್ಕವನ್ನು ಇವತ್ತೇ ಹಾಕಿಕೊಂಡರಾಯಿತು.

ಅಳತೆ ಇನ್ನೊಂದು. ವಿಡಿಯೊದಲ್ಲಿ ಚೆಂದ ಕಂಡ 42 ಮಿ.ಮೀ. ವಾಚು ನಮ್ಮ ಹುಡುಗರ ಸಣ್ಣ ಮಣಿಕಟ್ಟಿನ ಮೇಲೆ ತಟ್ಟೆ ಇಟ್ಟ ಹಾಗಿರುತ್ತದೆ. ಡಯಲಿನ ಅಗಲಕ್ಕಿಂತ ನೋಡಬೇಕಾದದ್ದು ಬೆಲ್ಟು ಸೇರುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನವರೆಗಿನ ಉದ್ದ. ಅದು ಮಣಿಕಟ್ಟಿನ ಚಪ್ಪಟೆ ಭಾಗವನ್ನು ಮೀರಿ ಹೊರಗೆ ಚಾಚಬಾರದು. ಚಾಚಾ ಒಂದು ದಾರ ತೆಗೆದು ಹುಡುಗನ ಕೈ ಸುತ್ತಿ ಸ್ಕೇಲಿಗೆ ಹಿಡಿದರು: ಹದಿನಾರೂವರೆ ಸೆಂಟಿಮೀಟರ್. ಮೂವತ್ತೇಳು, ಹೆಚ್ಚೆಂದರೆ ಮೂವತ್ತೊಂಬತ್ತು ಮಿ.ಮೀ. ಸಾಕು ಅಂದೆ. ಅವನ ಪಟ್ಟಿಯಲ್ಲಿ ಅರ್ಧ ಅಲ್ಲೇ ಉದುರಿತು.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಏಪ್ರಿಲ್ ಮಧ್ಯಾಹ್ನ ಚರ್ಮದ ಬೆಲ್ಟು ಬೆವರು ಕುಡಿದು ಒಂದೇ ಬೇಸಿಗೆಗೆ ವಾಸನೆ ಹಿಡಿಯುತ್ತದೆ. ಚೈನೇ ಒಳ್ಳೆಯದು. ಮಧ್ಯಾಹ್ನ ಕೈ ಊದಿದಾಗ ಕೊಂಚ ಸಡಿಲಿಸುವ ಏರ್ಪಾಡು ಕೊಂಡಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಹಿಂಬದಿಯಲ್ಲಿ 30 ಮೀಟರ್ ಅಂತ ಕೆತ್ತಿದ್ದರೆ ಅಷ್ಟು ಆಳಕ್ಕೆ ಧುಮುಕಬಹುದು ಅಂತಲ್ಲ, ಕೈ ತೊಳೆಯಬಹುದು ಅಂತ. ಭದ್ರಾ ಕಾಲುವೆಯಲ್ಲಿ ಈಜುವ ಚಟವಿದ್ದರೆ 100 ಮೀಟರ್ ಇರಲಿ. ಬಿಸಿನೀರಿನ ಸ್ನಾನಕ್ಕೆ ಯಾವುದನ್ನೂ ಹಾಕಿಕೊಳ್ಳಬೇಡಿ, ಒಳಗಿನ ರಬ್ಬರ್ ವಾಷರ್ ಕೆಡುತ್ತದೆ. ತಾರೀಖು ತೋರಿಸುವ ವಾಚಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ತಾರೀಖು ತಿರುಗಿಸದಿರುವುದು ಕ್ಷೇಮ. ಬಹಳಷ್ಟು ಯಂತ್ರಗಳಲ್ಲಿ ಆಗ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ಅಯಸ್ಕಾಂತದ ಪಾಠ ನಾನು ಕಲಿತದ್ದು ಪೆಟ್ಟು ತಿಂದು. ನನ್ನ ಆಟೋಮ್ಯಾಟಿಕ್ ಒಂದು ದಿನ ಇದ್ದಕ್ಕಿದ್ದಂತೆ ಗಂಟೆಗೆ ಎರಡು ನಿಮಿಷ ಮುಂದೆ ಓಡತೊಡಗಿತು. ಹಾಳಾಯಿತು ಅಂತ ಎದೆ ಧಸಕ್ಕೆಂದಿತು. ಚಾಚಾ ಫೋನಿನಲ್ಲಿ ದಿಕ್ಸೂಚಿ ತೆರೆಯಲು ಹೇಳಿ, ವಾಚನ್ನು ಹತ್ತಿರ ಹಿಡಿದರು. ದಿಕ್ಸೂಚಿಯ ಮುಳ್ಳು ಕುಣಿಯಿತು. ರಾತ್ರಿ ಎಲ್ಲಿಡ್ತೀರಿ ಅಂತ ಕೇಳಿದರು. ಟಿವಿ ಪಕ್ಕದ ಸ್ಪೀಕರ್ ಮೇಲೆ. ಹೇರ್‌ಸ್ಪ್ರಿಂಗ್‌ಗೆ ಕಾಂತತ್ವ ಅಂಟಿದರೆ ಸುರುಳಿಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಸ್ಪ್ರಿಂಗ್ ಗಿಡ್ಡವಾದಂತಾಗಿ ಬ್ಯಾಲೆನ್ಸ್ ಅವಸರಪಡುತ್ತದೆ. ಕಾಂತತ್ವ ಇಳಿಸುವ ಒಂದು ಸಣ್ಣ ನೀಲಿ ಪೆಟ್ಟಿಗೆಯ ಮೇಲೆ ವಾಚಿಟ್ಟು ಗುಂಡಿ ಒತ್ತಿ ಮೇಲೆತ್ತಿದರು. ಸರಿಹೋಯಿತು. ದುಡ್ಡು ತಗೊಳ್ಳಲಿಲ್ಲ. ಒಮೇಗಾದ ಮಾಸ್ಟರ್ ಕ್ರೋನೋಮೀಟರ್‌ಗಳು ಕಾಂತಬಲವನ್ನು 15,000 ಗಾಸ್‌ವರೆಗೆ ತಡೆಯುತ್ತವೆ, ಅವಕ್ಕೆ ಈ ತಾಪತ್ರಯವಿಲ್ಲ. ತೋಟದ ಮೋಟರು, ಸ್ಟಾರ್ಟರ್ ಡಬ್ಬಿ ಅಂತ ಓಡಾಡುವವನಿಗೆ ಇದು ಬರೀ ಜಾಹೀರಾತಿನ ಮಾತಲ್ಲ.

ದುಡ್ಡಿನ ಕಾನೂನು ಚುಟುಕಾಗಿ. ಎರಡು ಲಕ್ಷ ಮುಟ್ಟಿದರೆ ನಗದು ನಡೆಯದು, ಅದನ್ನು ದಾಟಿದರೆ ಪ್ಯಾನ್ ಕೊಡಬೇಕು. ಹತ್ತು ಲಕ್ಷ ಮೀರಿದ ವಾಚಿಗೆ 2025ರ ಏಪ್ರಿಲ್ 22ರಿಂದ ಮಾರುವಾಗಲೇ ಶೇ 1ರ ಆದಾಯ ತೆರಿಗೆ (ಟಿಸಿಎಸ್) ಹಿಡಿಯುತ್ತಾರೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಜಿಎಸ್‌ಟಿ ಶೇ 18. ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಆಮದು ಸುಂಕ ಏಳು ವರ್ಷದಲ್ಲಿ ಹಂತಹಂತವಾಗಿ ಇಳಿಯಬೇಕು. ಅಷ್ಟರಲ್ಲಿ ಕಂಪನಿಗಳು ಮೂಲ ಬೆಲೆ ಏರಿಸದೆ ಇರುತ್ತವೆಯೇ? ನಾನಂತೂ ಸುಂಕ ಇಳಿಯಲಿ ಅಂತ ಕಾಯುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಬೇಡವೇ ಅಂದರೆ, ಬೇಕು, ಆದರೆ ಮುಚ್ಚಳ ತೆಗೆಸಿ ನೋಡಿ. ಆನ್‌ಲೈನಿನಲ್ಲಿ ನಾನೊಂದು ಎಚ್‌ಎಂಟಿ ಪೈಲಟ್ ತರಿಸಿದ್ದೆ. ಕೆಂಪು ಡಯಲ್, ಥಳಥಳ. ಚಾಚಾ ಲೆನ್ಸ್ ಹಾಕಿ ನೋಡಿ ನಕ್ಕರು. ಡಯಲಿಗೆ ಹೊಸ ಬಣ್ಣ ಬಳಿದಿತ್ತು, ಅಕ್ಷರಗಳ ಅಂಚು ಹರಡಿತ್ತು, ಮುಳ್ಳುಗಳು ಬೇರೆ ಯಾವುದೋ ವಾಚಿನವು. ನನಗೆ ಬೇಕಿದ್ದ ಪೈಲಟ್ ಕಪ್ಪು ಡಯಲಿನ ಮೇಲೆ ಬಿಳಿ ಅಂಕಿಯದು. ಮೂರೂವರೆ ಸಾವಿರ ಹೋಯಿತು. ಅಷ್ಟಕ್ಕೇ ಮುಗಿದದ್ದು ಪುಣ್ಯ. ಮೂರೂವರೆ ಲಕ್ಷದ್ದರಲ್ಲೂ ಇದೇ ಆಟ ನಡೆಯುತ್ತದೆ. ಈಗಿನ "ಫಸ್ಟ್ ಕಾಪಿ" ನಕಲಿಗಳಲ್ಲಿ ಡಬ್ಬಿ, ಕಾರ್ಡು, ಸೀರಿಯಲ್ ನಂಬರ್ ಎಲ್ಲವೂ ಇರುತ್ತವೆ.

ಎರಡು ವಾರ ಬಿಟ್ಟು ಹುಡುಗ ಬೆಂಗಳೂರಿನ ಶೋರೂಮಿನಿಂದ ಫೋನ್ ಮಾಡಿದ. ಪಟ್ಟಿಯಲ್ಲಿ ಎರಡು ಉಳಿದಿವೆ: 39 ಮಿ.ಮೀ. ಟ್ಯೂಡರ್ ಬ್ಲ್ಯಾಕ್ ಬೇ, 37 ಮಿ.ಮೀ. ಲಾಂಜೀನ್ಸ್ ಸ್ಪಿರಿಟ್. "ಮಾಮ, ಸರ್ವಿಸ್ ಎಲ್ಲಿ ಮಾಡ್ತೀರಿ, ಎಷ್ಟು ದಿನ, ಎಷ್ಟು ದುಡ್ಡು ಅಂತ ಕೇಳ್ದೆ. ಆ ಹುಡುಗಿ ಒಳಗೆ ಹೋಗಿ ಮ್ಯಾನೇಜರನ್ನೇ ಕರ್ಕೊಂಡು ಬಂದ್ಲು." ಎರಡನ್ನೂ ತುಂಬುತೋಳಿನ ಅಂಗಿಯೊಳಗೆ ತೂರಿಸಿ ನೋಡಿದನಂತೆ. ಲಾಂಜೀನ್ಸ್ ಸಲೀಸಾಗಿ ಹೋಯಿತು, ಟ್ಯೂಡರ್ ಕೊಂಚ ತಡೆಯಿತು, ಆದರೂ ಮನಸ್ಸು ಅದರ ಮೇಲೇ. ಲಾಂಜೀನ್ಸ್ ತಗೊಂಡರೆ ಒಂದು ಲಕ್ಷಕ್ಕಿಂತ ಹೆಚ್ಚು ಉಳಿಯುತ್ತದೆ ಅಂತ ಬಾಯಿ ತಪ್ಪಿ ಅವರಮ್ಮನ ಹತ್ತಿರವೂ ಹೇಳಿದ್ದಾನೆ. ಅಕ್ಕ ಆಗಲೇ ನೀರು ನೋಡುವವರನ್ನು ತೋಟಕ್ಕೆ ಕರೆಸಿದ್ದಾಳೆ.